ಹೊಗೆ ಆಮೇಲೆ ಬಿಡಿ, ಮೊದಲು ನಳದ ಪಾಳಿ ಹೇಳಿ

ಓಣಿಯಲ್ಲಿ ನಾಲ್ಕು ಮಂದಿಗೆ ಜ್ವರ ಬಂತೆಂದರೆ ಕಲಬುರಗಿಯಲ್ಲಿ ಮೊದಲ ಫೋನು ಕಾರ್ಪೊರೇಟರಿಗೆ ಹೋಗುತ್ತದೆ: "ಫಾಗಿಂಗ್ ಮಾಡಸ್ರಿ ಸಾಹೇಬ್ರ." ರಾತ್ರಿ ಎಂಟಕ್ಕೆ ಗಾಡಿ ಬರುತ್ತದೆ. ಹುಡುಗರು ಹೊಗೆಯ ಹಿಂದೆ ಓಡುತ್ತಾರೆ, ದೊಡ್ಡವರು ಕಿಟಕಿ ಬಾಗಿಲು ಮುಚ್ಚಿಕೊಂಡು ಒಳಗೆ ಕೂಡುತ್ತಾರೆ. ಡೆಂಗಿ ಸೊಳ್ಳೆಯೂ ಅವರ ಜೊತೆಗೇ ಒಳಗಿರುತ್ತದೆ, ಮಂಚದ ಕೆಳಗೋ ಗೂಟಕ್ಕೆ ಹಾಕಿದ ಅಂಗಿಯ ಮಡಿಕೆಯಲ್ಲೋ.

ಡೆಂಗಿ ಹರಡುವ ಈಡಿಸ್ ಹಗಲಿನ ಸೊಳ್ಳೆ. ಹೆಚ್ಚು ಕಚ್ಚುವುದು ಬೆಳಗಿನ ಹೊತ್ತು ಮತ್ತು ಹೊತ್ತು ಮುಳುಗುವ ಮುಂಚೆ. ರಾತ್ರಿ ಬೀದಿಯಲ್ಲಿ ಬಿಟ್ಟ ಹೊಗೆಗೆ ಸಿಗುವುದು ಆನೆಕಾಲು ರೋಗ ಹರಡುವ ಚರಂಡಿಯ ಕ್ಯೂಲೆಕ್ಸ್ ಸೊಳ್ಳೆ. ಅದೂ ಬೇಡವೆಂದಲ್ಲ, ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗ ಬೇರುಬಿಟ್ಟ ಜಿಲ್ಲೆಗಳೇ. ಆದರೆ ಡೆಂಗಿಗೆ ಅದರಿಂದ ಏನೂ ಆಗುವುದಿಲ್ಲ. ಒಳಗಿನ ಸೊಳ್ಳೆಗೆ ಬೇರೆ ಔಷಧಿಯೇ ಇದೆ: ಶೇ 2ರ ಪೈರೆಥ್ರಮ್ ಒಂದು ಪಾಲಿಗೆ 19 ಪಾಲು ಸೀಮೆಎಣ್ಣೆ ಬೆರೆಸಿ, ರೋಗಿಯ ಮನೆ ಮತ್ತು ಸುತ್ತಲಿನ ಮನೆಗಳ ಒಳಗೆ ಕೈಪಂಪಿನಿಂದ ಸಿಂಪಡಿಸುವುದು. ಇದಕ್ಕೆ ಮನೆಮನೆ ಹತ್ತಿಳಿಯಬೇಕು, ಅಡುಗೆ ಸಾಮಾನು ಮುಚ್ಚಿಸಬೇಕು. ಫೋಟೊದಲ್ಲಿ ಚಂದ ಕಾಣುವುದಿಲ್ಲ. ಗಾಡಿಯೇ ಹೆಚ್ಚು ಓಡಾಡುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಗುಮಾನಿ.

ಸಾಂಕ್ರಾಮಿಕ ಅಂದರೆ ನಮ್ಮ ಊರಿಗೆ ಇನ್ನೂ 2020ರ ಮಾರ್ಚ್ ತಿಂಗಳೇ ನೆನಪು. ದೇಶದ ಮೊದಲ ಕೋವಿಡ್ ಸಾವು ಇಲ್ಲಿನದು, ಮರೆಯುವುದಾದರೂ ಹೇಗೆ. ಅದಕ್ಕೂ ಹಿಂದಿನದನ್ನು ಮಾತ್ರ ಮರೆತಿದ್ದೇವೆ. ಚಿಕೂನ್‌ಗುನ್ಯಾ 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಎದ್ದು ಅಡಗಿತ್ತು. ಮೂವತ್ತು ವರ್ಷ ಸುದ್ದಿಯಿಲ್ಲ. 2005ರ ಕೊನೆಗೆ ಮತ್ತೆ ತಲೆಯೆತ್ತಿ 2006ರಲ್ಲಿ ದೇಶದಾದ್ಯಂತ 13 ಲಕ್ಷಕ್ಕೂ ಮಿಕ್ಕಿ ಶಂಕಿತ ಪ್ರಕರಣಗಳಾದವು. ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು, ಕಲಬುರಗಿ ಬೀದರ್ ಎರಡೂ ಅದರಲ್ಲಿದ್ದವು. 2022ರ ಡಿಸೆಂಬರಿನಲ್ಲಿ ರಾಜ್ಯದ ಮೊದಲ ಝೀಕಾ ಪ್ರಕರಣ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಸಿಕ್ಕಿತು. ಡೆಂಗಿಯಂತೂ ವರ್ಷಾ ಬರುವ ಬೀಗ. ಮೂರು ಬೇರೆ ಬೇರೆ ವೈರಸ್, ಸೊಳ್ಳೆ ಒಂದೇ, ಅದು ಹುಟ್ಟುವ ಬ್ಯಾರಲ್ಲೂ ಒಂದೇ. ನಾಳೆ ಹೆಸರೇ ಕೇಳದ ಇನ್ನೊಂದು ವೈರಸ್ ಈ ಸೊಳ್ಳೆಯನ್ನು ಹಿಡಿದರೆ ಅದಕ್ಕೂ ನಮ್ಮ ಬಚ್ಚಲ ಮೂಲೆಯಲ್ಲಿ ಜಾಗ ತಯಾರಿದೆ.

ಬ್ಯಾರಲ್ ಯಾಕಿದೆ? ನಳ ದಿನಾ ಬರುವುದಿಲ್ಲ, ಅದಕ್ಕೆ. ಭೀಮಾ, ಬೆಣ್ಣೆತೊರಾದ ನೀರು ಪಾಳಿಯ ಮೇಲೆ ಬರುವ ಓಣಿಯಲ್ಲಿ ಹೌದ (ನೀರಿನ ತೊಟ್ಟಿ), ಬ್ಯಾರಲ್, ಹಂಡೆ, ಕೊಡ ಎಲ್ಲ ತುಂಬಿಡದೆ ಸಂಸಾರ ನಡೆಯುವುದಿಲ್ಲ. ಅಲ್ಲಿಗೆ ಆಶಾ ಕಾರ್ಯಕರ್ತೆ ಬಂದು "ಅಕ್ಕಾ, ವಾರಕ್ಕೊಮ್ಮೆ ಎಲ್ಲಾ ಚೆಲ್ಲಿ ಒಣಗಸ್ಬೇಕ್ರಿ" ಅಂತಾಳೆ. "ಚೆಲ್ಲಿದ್ರ ನಾಳಿಗಿ ನೀರು ನೀ ತಂದ ಕೊಡ್ತೀಯೇನವ್ವ?" ಅಂತ ಆ ಅಕ್ಕ ಕೇಳಿದರೆ ತಪ್ಪು ಯಾರದು?

ಹೀಗೆ ಚೆಲ್ಲಿ ಒಣಗಿಸುವ ಒಣ ದಿನವನ್ನು ಇಡೀ ಊರಿಗೆ ವಾರದ ಒಂದೇ ದಿನ ಅಂತ ಗೊತ್ತುಮಾಡುವುದೇ ಮೂರ್ಖತನ. ಆ ಓಣಿಗೆ ನಳ ಬರುವ ದಿನದ ಬೆಳಿಗ್ಗೆ ಆಗಬೇಕು, ಬ್ಯಾರಲ್ ತಳ ಕಂಡಿರುವಾಗ. ನೀರು ಬಿಡುವವರ ಪಾಳಿ ಪಟ್ಟಿ ಆಶಾಗಳ ಕೈಗೆ ಹೋಗಬೇಕು, ಇಷ್ಟೇ. ಒಂದು ಹಾಳೆಯ ಕೆಲಸ. ಪಾಳಿ ವಾರ ದಾಟುವ ಓಣಿಯಲ್ಲಿ ಮಾತ್ರ ನಡುವೆ ಒಮ್ಮೆ ಹುಳ (ಸೊಳ್ಳೆಯ ಮರಿ) ನೋಡಲೇಬೇಕು, ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಬಿಸಿಲ ನಾಡಿನಲ್ಲಿ ಏಳರಿಂದ ಹತ್ತು ದಿನ ಸಾಕು.

ಬರೀ ಚೆಲ್ಲಿದರೂ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಒದ್ದೆ ಗೋಡೆಗೆ. ಎಳ್ಳಿಗಿಂತ ಸಣ್ಣ ಕರಿ ಚುಕ್ಕೆ, ಅಂಟಿಸಿದ ಹಾಗೆ ಕೂತಿರುತ್ತದೆ. ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ನೀರು ಮುಟ್ಟಿದ ಕೂಡಲೇ ಒಡೆಯುತ್ತದೆ. ಆದ್ದರಿಂದ ಉಳಿದ ನೀರನ್ನು ಅರಿವೆಯಲ್ಲಿ ಸೋಸಿ ಕೊಡಕ್ಕೆ ತುಂಬಿಕೊಳ್ಳಿ, ಅರಿವೆಯಲ್ಲಿ ಸಿಕ್ಕ ಹುಳವನ್ನು ಒಣನೆಲಕ್ಕೆ ಝಾಡಿಸಿ. ಆಮೇಲೆ ತೆಂಗಿನ ನಾರಿನಿಂದ ಒಳಗೋಡೆ ತಿಕ್ಕಿ, ಅದರಲ್ಲೂ ಕಂಠದ ಕೆಳಗಿನ ಒಂದು ಗೇಣು. ಬೋರಲು ಹಾಕಿ ಬಿಸಿಲಿಗಿಡಿ.

ಮುಚ್ಚುವುದರಲ್ಲೂ ಒಂದು ಮರ್ಮವಿದೆ. ಹಳೆ ಸೀರೆ ಎರಡು ಮಡಿಕೆ ಮಾಡಿ ದಾರದಿಂದ ಕಟ್ಟಿದರೆ ಮಧ್ಯಾಹ್ನದೊಳಗೆ ಸಡಿಲ. ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದರೆ ನಿಲ್ಲುತ್ತದೆ. ನೀರು ಕಂಠದಿಂದ ನಾಲ್ಕು ಬೆರಳು ಕೆಳಗಿರಲಿ, ಬಟ್ಟೆ ಜೋತು ನೀರಿಗೆ ತಾಗಿದರೆ ಒದ್ದೆ ಬಟ್ಟೆಯ ಮೇಲೇ ಮೊಟ್ಟೆ ಬೀಳುತ್ತವೆ. ಇಷ್ಟೆಲ್ಲ ಮಾಡಿದರೂ ದಿನಕ್ಕೆ ಇಪ್ಪತ್ತು ಸಲ ಚೊಂಬು ಹಾಕಲು ಬಟ್ಟೆ ಬಿಚ್ಚಬೇಕು, ಯಾರು ಮತ್ತೆ ಮತ್ತೆ ಕಟ್ಟುತ್ತಾರೆ? ತಳದಿಂದ ನಾಲ್ಕು ಇಂಚು ಮೇಲೆ ತೂತು ಕೊರೆದು, ಟ್ಯಾಂಕ್ ನಿಪ್ಪಲ್ಲಿಗೆ ಒಳಗೊಂದು ಹೊರಗೊಂದು ರಬ್ಬರ್ ವಾಷರ್ ಹಾಕಿ, ಅರ್ಧ ಇಂಚಿನ ನಲ್ಲಿ ಕೂಡಿಸಿ ಬ್ಯಾರಲನ್ನು ಎರಡು ಸಾಲು ಇಟ್ಟಂಗಿ ಮೇಲೆ ನಿಲ್ಲಿಸಿದರೆ ಮುಂದಿನ ಪಾಳಿಯವರೆಗೂ ಬಟ್ಟೆ ಬಿಚ್ಚುವ ಮಾತೇ ಇಲ್ಲ. ಚಳವಳಿ, ಜಾಥಾ, ಬ್ಯಾನರಿಗೆ ಹೋಗುವ ದುಡ್ಡು ಈ ನಲ್ಲಿಗೆ ಹೋಗಬೇಕಿತ್ತು.

ಚೆಲ್ಲಲು ಬಾರದ ಹೌದಕ್ಕೆ ಹುಳ ಕೊಲ್ಲುವ ಟೆಮಿಫಾಸ್ ಔಷಧಿ ಅಥವಾ ಹುಳ ತಿನ್ನುವ ಗಪ್ಪಿ ಮೀನು. ಟೆಮಿಫಾಸ್ ಅಳತೆ ಲೀಟರ್ ನೀರಿಗೆ 1 ಮಿಲಿಗ್ರಾಂ, ಅಂದರೆ ಶೇ 50ರ ದ್ರಾವಣ 1 ಮಿ.ಲೀ.ಗೆ 500 ಲೀಟರ್. 200 ಲೀಟರ್ ಬ್ಯಾರಲಿಗೆ ಬೇಕಾದ್ದು 0.4 ಮಿ.ಲೀ. ಮುಚ್ಚಳದಲ್ಲಿ ಅಳೆಯಲು ಸಾಧ್ಯವೇ? ಅದಕ್ಕೇ 2.5 ಮಿ.ಲೀ.ಯನ್ನು 10 ಲೀಟರಿಗೆ ಕಲಸಿಕೊಳ್ಳುವುದು. ಆಗ ಒಂದು ಬ್ಯಾರಲಿಗೆ ಸುಮಾರು ಒಂದೂವರೆ ಲೀಟರ್ ಆಗುತ್ತದೆ. ಅಂದಾಜಿಗೆ ಸುರಿದಲ್ಲಿ ಎರಡು ಗತಿ: ಕಡಿಮೆಯಾದರೆ ಹುಳ ಬದುಕುತ್ತದೆ, ಹೆಚ್ಚಾದರೆ ವಾಸನೆಗೆ ಮನೆಯವರು ಅಷ್ಟೂ ನೀರು ಚೆಲ್ಲಿ ಮುಂದಿನ ಸಲ ಗೇಟೇ ತೆಗೆಯುವುದಿಲ್ಲ.

ಲೆಕ್ಕದಲ್ಲೂ ಒಂದು ಮೋಸವಿದೆ. ನೂರು ಮನೆ ನೋಡಿ 12ರಲ್ಲಿ ಹುಳ ಸಿಕ್ಕರೆ ಮನೆ ಸೂಚ್ಯಂಕ 12. ಆದರೆ ಆ 12 ಮನೆಗಳಲ್ಲಿ ಹುಳವಿದ್ದ ಪಾತ್ರೆ 31 ಆದರೆ ಬ್ರೆಟೊ ಸೂಚ್ಯಂಕ 31. ಸಭೆಯಲ್ಲಿ ಮೊದಲಿನದನ್ನಷ್ಟೇ ಓದಿದರೆ ಊರು ಚೆನ್ನಾಗಿದೆ ಅನ್ನಿಸುತ್ತದೆ. ಹುಳ ನೋಡುವುದೂ ಗಡಿಬಿಡಿಯ ಕೆಲಸವಲ್ಲ. ನೆರಳು ಬಿದ್ದರೆ ಸಾಕು, ತಳಕ್ಕಿಳಿಯುತ್ತವೆ. ಟಾರ್ಚ್ ಹಿಡಿದು ಒಂದು ನಿಮಿಷ ಸುಮ್ಮನೆ ನಿಂತರೆ ಉಸಿರಿಗೆ ಮೇಲೆ ಬಂದು ತಲೆಕೆಳಗಾಗಿ ತೂಗುತ್ತವೆ.

ಇನ್ನು ತಡದ ವಿಷಯ. ಜ್ವರದ ಮೊದಲ ಐದು ದಿನ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ, ಆಗ ಕಚ್ಚಿದ ಸೊಳ್ಳೆ 8-12 ದಿನಕ್ಕೆ ರೋಗ ಹರಡಲು ಶುರುಮಾಡುತ್ತದೆ. ಈಗ ನಮ್ಮ ಪದ್ಧತಿ ನೋಡಿ. ಮೂರು ದಿನ ಮೆಡಿಕಲ್ ಶಾಪಿನ ಗುಳಿಗೆ, ನಾಲ್ಕನೇ ದಿನ ದವಾಖಾನೆ, ಅಲ್ಲಿ ಬೇಗ ಫಲಿತಾಂಶ ಕೊಡುವ ರ‍್ಯಾಪಿಡ್ ಕಾರ್ಡ್. ಅದನ್ನು ಸರ್ಕಾರ ಖಚಿತ ಅಂತ ಹಿಡಿಯುವುದಿಲ್ಲ, ಲ್ಯಾಬಿನ ಎಲಿಸಾ ರಕ್ತಪರೀಕ್ಷೆ ಆಗಬೇಕು: ಮೊದಲ ಐದು ದಿನಕ್ಕೆ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್1, ಆಮೇಲೆ ಮೈಯಲ್ಲಿ ಹುಟ್ಟಿದ ಪ್ರತಿಕಾಯ ಹುಡುಕುವ ಐಜಿಎಂ. ಸಾಕಷ್ಟು ಮಾದರಿ ಕೂಡುವವರೆಗೆ ಎಲಿಸಾ ಹಚ್ಚದೆ ಕಾಯುವುದು ಲ್ಯಾಬುಗಳ ರೂಢಿ. ವರದಿ ಬಂದು ತಂಡ ಓಣಿಗೆ ಕಾಲಿಡುವ ಹೊತ್ತಿಗೆ ಹತ್ತು ಹನ್ನೆರಡು ದಿನ ಆಗಿದ್ದರೆ ಕೆಲಸ ಕೆಟ್ಟಂತೆಯೇ. ಕಾರ್ಡ್ ಪಾಸಿಟಿವ್ ಬಂದ ದಿನವೇ ಖಾಸಗಿ ವೈದ್ಯರು ತಿಳಿಸಲಿ, ಖಚಿತ ಆಮೇಲೆ ಆಗಲಿ, ಮನೆ ಒಳಗಿನ ಸಿಂಪಡಣೆ ಮತ್ತು ಬ್ಯಾರಲ್ ತಪಾಸಣೆ ಆವತ್ತೇ ನಡೆಯಲಿ. ರೋಗಿಯನ್ನು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಿ.

ಚಿಕಿತ್ಸೆ ಬಗ್ಗೆ ಎರಡೇ ಮಾತು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವೆಂದು ಡೈಕ್ಲೊಫಿನ್ಯಾಕ್ ಸೂಜಿ ಚುಚ್ಚಿಸಿಕೊಳ್ಳಬೇಡಿ, ಅದು ರಕ್ತಸ್ರಾವಕ್ಕೆ ದಾರಿ. ಜ್ವರ ಶುರುವಾದ ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೇ ಅಪಾಯ ಹೆಚ್ಚು, ಹೊಟ್ಟೆನೋವು, ಬಿಡದ ವಾಂತಿ, ಒಸಡಿನ ರಕ್ತ, ಮಂಪರು ಕಂಡರೆ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಕೂಡದೆ ದೊಡ್ಡಾಸ್ಪತ್ರೆಗೆ ಹೊರಡಿ.

2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ಕಟ್ಟಡ ಕಾಮಗಾರಿಯವರಿಗೆ 2000 ಹಾಕಲಿ, ಬೇಡ ಅನ್ನುವವರು ಯಾರು. ನೀರು ಕೊಡದೆ ನೀರು ಕೂಡಿಟ್ಟವಳಿಗೆ ದಂಡ ಹಾಕುವುದನ್ನು ಮಾತ್ರ ಒಪ್ಪಲಾರೆ. ಕಲಬುರಗಿಯ ಕೆಲವು ಬಡಾವಣೆಗಳಲ್ಲಿ ಇಪ್ಪತ್ತನಾಲ್ಕು ತಾಸು ನೀರಿನ ಪ್ರಯೋಗ ಎಂದೋ ಆಗಿದೆ, ಡೆಂಗಿ ತಡೆಯುವ ನಿಜವಾದ ಕಾಮಗಾರಿ ಅದೇ.

ದಂಡದ ಪುಸ್ತಕ ಹಿಡಿದು ಹೊರಡುವವರು ತಮ್ಮ ಕಚೇರಿಯ ಕಿಟಕಿಗಳನ್ನೂ ಒಮ್ಮೆ ನೋಡಿಕೊಳ್ಳಲಿ. ಮೇ ತಿಂಗಳ ಬಿಸಿಲಿಗೆ ಹಚ್ಚಿದ ಕೂಲರ್, ಮೊದಲ ಮಳೆ ಬಿದ್ದ ದಿನ ಬಂದ್ ಆಗುತ್ತದೆ, ಟಾಕಿಯ ತಳದಲ್ಲಿ ಎರಡು ಬೆರಳು ನೀರು ಹಾಗೇ ಉಳಿಯುತ್ತದೆ. ಜೂನಿನ ಮೊದಲ ಸೊಳ್ಳೆಗಳು ಅಲ್ಲಿಂದಲೇ ಏಳುತ್ತವೆ. ತಳದ ಬೂಚು ತೆಗೆದು, ಹುಲ್ಲಿನ ಪ್ಯಾಡ್ ಕಿತ್ತು ಸುಟ್ಟು, ಟಾಕಿ ತಿಕ್ಕಿ ಒಣಗಿಸಿ ಎತ್ತಿಡುವುದಕ್ಕೆ ಅರ್ಧ ತಾಸೂ ಹಿಡಿಯುವುದಿಲ್ಲ.