ಕಾಲು ಮಡಚಿ ಕೂತ ಮಧ್ಯಾಹ್ನ

ನಾನು ನಾಗಪುರ ಸೇರಿ 18 ವರ್ಷ ಆಯಿತು. ಅಲ್ಲಿ ಯಾರಾದರೂ ಊರು ಕೇಳಿದರೆ ಕೊಡಗು ಎನ್ನುತ್ತೇನೆ. "ಓ, ಆ ಗೋಲ್ಡನ್ ಟೆಂಪಲ್ ಇರೋ ಊರಾ?" ಎಂದು ಮರುಪ್ರಶ್ನೆ ಬರುತ್ತದೆ. ವಾದ ಯಾಕೆ ಅಂತ ಹೌದು ಎಂದುಬಿಡುತ್ತಿದ್ದೆ. ಅದರಲ್ಲಿ ಎರಡು ಸುಳ್ಳಿದ್ದವು. ಟಿಬೆಟ್ಟಿನವರ ಆ ಬೌದ್ಧ ಗುಡಿ ಇರುವುದು ಬೈಲಕುಪ್ಪೆಯಲ್ಲಿ, ಕೊಡಗಿನಲ್ಲಿ ಅಲ್ಲ. ಕುಶಾಲನಗರದ ಹತ್ತಿರ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ ಶುರು, ಬೈಲಕುಪ್ಪೆ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ್ದು. ಇನ್ನೊಂದು ಸುಳ್ಳು ಇನ್ನೂ ದೊಡ್ಡದು. ನಾನು ಆ ಗುಡಿಯ ಒಳಗೆ ಕಾಲಿಟ್ಟೇ ಇರಲಿಲ್ಲ.

ಹತ್ತಿರದಲ್ಲಿರುವುದನ್ನು ಯಾರು ನೋಡುತ್ತಾರೆ, ಅಲ್ವಾ? ಚಿಕ್ಕವನಿದ್ದಾಗ ಮೈಸೂರು ಬಸ್ಸಿನ ಕಿಟಕಿಯಿಂದ ಕಡುಗೆಂಪು ಬಟ್ಟೆಯ ಸನ್ಯಾಸಿಗಳನ್ನು, ಅವರ ಜೋಳದ ಹೊಲಗಳನ್ನು ನೋಡಿದ್ದೆ. ಅಷ್ಟೇ.

ಈ ಸಲ ರಜೆಗೆ ಕುಶಾಲನಗರದ ಅಕ್ಕನ ಮನೆಗೆ ಬಂದಾಗ ಹೆಂಡತಿ, ಮಗಳು ಹಟ ಹಿಡಿದರು. ಅಕ್ಕ ಚಿತ್ರಾನ್ನ ಕಟ್ಟಿಕೊಟ್ಟಳು. ಭಾವ ಮನೆ ಕಾಯುತ್ತೇನೆ ಎಂದು ಜಾರಿಕೊಂಡರು. ಆಟೋದಲ್ಲಿ ಹೊರಟೆವು.

ನಾಗಪುರದಲ್ಲಿದ್ದವನಿಗೆ ಬೌದ್ಧರ ಜಾಗ ಹೊಸದಲ್ಲ. ನಮ್ಮ ಮನೆಯಿಂದ ದೀಕ್ಷಾಭೂಮಿ ದೂರವೇನಿಲ್ಲ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಅವರು ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮಕ್ಕೆ ಸೇರಿದ ಜಾಗ ಅದು. ನನಗೆ ದಸರಾ ಅಂದರೆ ಮಡಿಕೇರಿಯ ದಶಮಂಟಪ, ರಾತ್ರಿಯಿಡೀ ನಿದ್ದೆಗೆಟ್ಟು ನೋಡುವ ಮೆರವಣಿಗೆ. ನಾಗಪುರದಲ್ಲಿ ಅದೇ ದಸರಾಕ್ಕೆ ಬಿಳಿ ಬಟ್ಟೆ ಉಟ್ಟ ಜನ ಊರೂರಿಂದ ಬರುತ್ತಾರೆ. ಸ್ತೂಪಕ್ಕೆ ಕೈ ಮುಗಿದು, ಪುಸ್ತಕದ ಅಂಗಡಿಗಳ ಮುಂದೆ ನಿಲ್ಲುತ್ತಾರೆ. ಹಬ್ಬಕ್ಕೆ ಬಂದು ಪುಸ್ತಕ ಕಟ್ಟಿಕೊಂಡು ಹೋಗುವ ಜನರನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ಅಲ್ಲಿನ ವಿಹಾರಗಳಲ್ಲಿ ಅಲಂಕಾರ ಕಡಿಮೆ. ಒಂದು ಬುದ್ಧನ ಮೂರ್ತಿ, ಒಂದು ಬಾಬಾಸಾಹೇಬರ ಫೋಟೋ, ಮೇಣದ ಬತ್ತಿ, ಪಾಲಿ ಭಾಷೆಯ ಪಂಚಶೀಲ. ಅಷ್ಟಕ್ಕೇ ಮುಗಿಯುತ್ತದೆ.

ಬೈಲಕುಪ್ಪೆಯಲ್ಲೂ ಅದನ್ನೇ ನಿರೀಕ್ಷಿಸಿ ಹೋದವನಿಗೆ ಬಾಗಿಲಲ್ಲೇ ತಲೆ ತಿರುಗಿತು. ಕಂಬಕ್ಕೆ ಸುತ್ತಿಕೊಂಡ ಡ್ರ್ಯಾಗನ್. ಗೋಡೆ ತುಂಬಾ ಬಣ್ಣ. ಕೋರೆಹಲ್ಲು ಬಿಟ್ಟುಕೊಂಡು ಬೆಂಕಿಯೊಳಗೆ ನಿಂತ ದೇವತೆಗಳು. ಮಗಳು ನನ್ನ ಹಿಂದೆ ಸರಿದಳು. ನನಗೆ ಮಾತ್ರ ಹೆದರಿಕೆ ಆಗಲಿಲ್ಲ. ಕೊಡಗಿನಲ್ಲಿ ತೆರೆ ಕಟ್ಟುವುದನ್ನು, ಅಂದರೆ ದೈವದ ವೇಷ ತೊಟ್ಟು ಕುಣಿಯುವುದನ್ನು, ನೋಡಿ ಬೆಳೆದವನಿಗೆ ಕಾಯುವ ದೈವದ ಮುಖ ಉಗ್ರವಾಗಿಯೇ ಇರುತ್ತದೆ ಎಂದು ಗೊತ್ತು.

ಎದುರಿಗೆ ಮೂರು ಚಿನ್ನದ ಬಣ್ಣದ ಮೂರ್ತಿಗಳು. ಬಂದವರೆಲ್ಲ "ಮೂರು ಬುದ್ಧ" ಎಂದು ಎಣಿಸಿ ಫೋಟೋ ಹೊಡೆಯುತ್ತಾರೆ. ನಡುವೆ ಇರುವುದು ಶಾಕ್ಯಮುನಿ ಬುದ್ಧ, ಸುಮಾರು 60 ಅಡಿ ಎತ್ತರ. ಅಕ್ಕಪಕ್ಕದಲ್ಲಿ ಪದ್ಮಸಂಭವ ಮತ್ತು ಅಮಿತಾಯುಸ್. ಪದ್ಮಸಂಭವ ಎಂಟನೇ ಶತಮಾನದಲ್ಲಿ ಭಾರತದ ಕಡೆಯಿಂದ ಟಿಬೆಟ್ಟಿಗೆ ಹೋದ ಗುರು. ಅಮಿತಾಯುಸ್ ದೀರ್ಘಾಯುಷ್ಯ ಕೊಡುವ ಬುದ್ಧ. ಇಲ್ಲಿಂದ ಹೋದ ಗುರು ಹನ್ನೆರಡು ಶತಮಾನ ಕಳೆದು, ತನ್ನನ್ನು ನಂಬಿದವರ ಜೊತೆ ಕಾವೇರಿ ದಡಕ್ಕೆ ವಾಪಸ್ ಬಂದು ಕೂತಂತಿದೆ.

ಮೂರ್ತಿಗಳ ಮುಂದೆ ಸನ್ಯಾಸಿಗಳು ಕೂರುವ ತಗ್ಗು ಆಸನಗಳ ಸಾಲು. ಪಕ್ಕದಲ್ಲಿ ದೊಡ್ಡ ನಗಾರಿ. ಮೆತ್ತೆಗಳ ಮುಂದೆ ಬಟ್ಟೆಯಲ್ಲಿ ಸುತ್ತಿಟ್ಟ ಉದ್ದುದ್ದದ ಗ್ರಂಥಗಳು. ಹೊಲಿಗೆ ಇಲ್ಲ, ಬಿಡಿ ಹಾಳೆಗಳು. "ಇದು ನಮ್ಮ ತಾಳೆಗರಿ ಕಟ್ಟಿನ ಹಾಗೇ ಇದೆಯಲ್ಲ" ಎಂದಳು ಹೆಂಡತಿ. ಹೌದು, ಓಲೆಗರಿಯ ಅಳತೆಯೇ ಕಾಗದಕ್ಕೂ ಉಳಿದುಬಿಟ್ಟಿದೆ. ಅವಳು ಕಲಬುರಗಿ ಕಡೆಯವಳು. ಅಶೋಕನ ಶಿಲ್ಪ, ಅದರ ಮೇಲೆ ಕೆತ್ತಿದ ಅವನ ಹೆಸರು ಸಿಕ್ಕ ಹಳೆಯ ಬೌದ್ಧ ಜಾಗ ಸನ್ನತಿ ತನ್ನ ಜಿಲ್ಲೆಯದು ಎಂಬ ಜಂಬ ಅವಳಿಗೆ ಯಾವಾಗಲೂ ಸ್ವಲ್ಪ ಜಾಸ್ತಿ.

ನಡೆದು ನಡೆದು ಕಾಲು ನೋಯುತ್ತಿತ್ತು. ಗೋಡೆಗೆ ಒರಗಿ, ಮೂರ್ತಿಗಳ ಕಡೆಗೆ ಕಾಲು ಚಾಚಿ ಕೂತೆ. ಎರಡು ನಿಮಿಷ ಆಗಿರಬೇಕು. ಹದಿನೆಂಟು ಇಪ್ಪತ್ತರ ಒಬ್ಬ ಸನ್ಯಾಸಿ ಹುಡುಗ ಬಂದು ಬಗ್ಗಿದ. ಅಚ್ಚ ಕನ್ನಡದಲ್ಲಿ, ಮೆಲ್ಲಗೆ, "ಅಣ್ಣ, ಕಾಲು ಸ್ವಲ್ಪ ಮಡಚ್ಕೊಳ್ಳಿ" ಎಂದ. ನಕ್ಕು ಹೊರಟುಹೋದ.

ಮುಖ ಕೆಂಪಾಯಿತು. ಅವನು ಹೇಳಿದ್ದು ಟಿಬೆಟ್ಟಿನ ಹೊಸ ನಿಯಮವೇನೂ ಅಲ್ಲ. ದೇವರ ಕಡೆ ಕಾಲು ಚಾಚಬೇಡ ಎಂದು ನಮ್ಮಜ್ಜಿ ಬೆನ್ನಿಗೆ ಗುದ್ದಿ ಕಲಿಸಿದ್ದ ಪಾಠ. ಮಡಿಕೇರಿಯ ಓಂಕಾರೇಶ್ವರನ ಮುಂದೆ ನಾನು ಹಾಗೆ ಕೂರುತ್ತಿದ್ದೆನಾ? ಖಂಡಿತ ಇಲ್ಲ.

ಯಾಕೆ ಹೀಗಾಯಿತು ಎಂದು ಯೋಚಿಸಿದೆ. ನಮ್ಮ ದೇವಸ್ಥಾನಗಳಲ್ಲಿ ಪ್ರತಿ ಹೆಜ್ಜೆಗೂ ಒಂದು ಕೆಲಸ ಇರುತ್ತದೆ. ಗಂಟೆ ಹೊಡಿ, ಅರ್ಚನೆ ಚೀಟಿ ಕೊಡು, ತೀರ್ಥಕ್ಕೆ ಕೈ ಚಾಚು, ಆರತಿ ತಟ್ಟೆಗೆ ಕಾಸು ಹಾಕು. ಆ ಕೆಲಸಗಳೇ ನಮ್ಮನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಬೈಲಕುಪ್ಪೆಯಲ್ಲಿ ಟಿಕೆಟ್ ಇಲ್ಲ. ವಿಶೇಷ ದರ್ಶನದ ಸಾಲು ಇಲ್ಲ. ಚಪ್ಪಲಿ ಬಿಟ್ಟರೆ ಸಾಕು, ಜಾತಿ ಊರು ಯಾರೂ ಕೇಳುವುದಿಲ್ಲ. ಕೆಲಸ ಇಲ್ಲದ ಕೈ ಮೊಬೈಲಿಗೆ ಹೋಗುತ್ತದೆ, ಇದು ಗುಡಿ ಎಂಬುದೇ ಮರೆತುಹೋಗುತ್ತದೆ.

ಹೊರಗೆ ಹುಲ್ಲಿನ ಅಂಗಳದಲ್ಲಿ ಅದೇ ನಡೆದಿತ್ತು. ಪ್ರವಾಸಕ್ಕೆ ಬಂದ ಒಂದು ಗುಂಪು ವಯಸ್ಸಾದ ಸನ್ಯಾಸಿಯೊಬ್ಬರ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆಯುತ್ತಿತ್ತು. ಅವರನ್ನು ಒಂದು ಮಾತು ಕೇಳಲಿಲ್ಲ. ನಮ್ಮೂರಿನ ಅರ್ಚಕರ ಹೆಗಲ ಮೇಲೆ ಹೀಗೆ ಕೈ ಹಾಕುತ್ತೇವಾ? ಇನ್ನೊಂದು ಕಡೆ ಮಕ್ಕಳು ಸಾಲಾಗಿದ್ದ ಪ್ರಾರ್ಥನಾ ಚಕ್ರಗಳನ್ನು ಯಾರದು ಜೋರು ಎಂದು ತಿರುಗಿಸುತ್ತಿದ್ದರು. ಆ ಉರುಳೆಗಳ ಒಳಗೆ ಮಂತ್ರ ಬರೆದ ಕಾಗದದ ಸುರುಳಿ ಇರುತ್ತದೆ. ಪ್ರದಕ್ಷಿಣೆ ಬರುವ ದಿಕ್ಕಿಗೇ, ಬಲಗೈಯಿಂದ, ನಿಧಾನವಾಗಿ ತಿರುಗಿಸುವುದು ರೂಢಿ. ಇದೂ ನಮಗೆ ಗೊತ್ತಿರುವ ದಿಕ್ಕೇ.

ಈ ಟಿಬೆಟ್ಟಿನ ಜನ ಸುಮ್ನೆ ಬಂದು ಚಿನ್ನದ ಗುಡಿ ಕಟ್ಟಿದವರಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಆಗಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3000 ಎಕರೆ ಜಾಗ ಕೊಟ್ಟಿತು. ಆಗ ಅದು ಕಾಡು, ಆನೆ ಓಡಾಡುವ ಜಾಗ. ಕಡಿದು, ಉತ್ತು ಜೋಳ ಹಾಕಿದರು. 1963ರಲ್ಲಿ ಟಿಬೆಟ್ಟಿನ ಗುರು ಪೆನೋರ್ ರಿಂಪೋಚೆ ಈ ಗುಡಿ ಇರುವ ನಾಮ್ಡ್ರೋಲಿಂಗ್ ಮಠವನ್ನು ಒಂದು ಸಣ್ಣ ಬಿದಿರಿನ ಗುಡಿಯಲ್ಲಿ ಶುರು ಮಾಡಿದರು. ಈಗಿನ ದೊಡ್ಡ ಗುಡಿ ಆದದ್ದು 1999ರಲ್ಲಿ.

ಗೇಟಿನ ಎದುರಿನ ಅಂಗಡಿಯಲ್ಲಿ ತುಕ್ಪಾ, ಅಂದರೆ ಟಿಬೆಟ್ಟಿನ ನೂಡಲ್ಸ್ ಸೂಪು, ಕುಡಿಯುತ್ತ ಕೂತಾಗ ಅಂಗಡಿಯ ಅಮ್ಮ ನನ್ನ ಮಗಳನ್ನು ಕನ್ನಡದಲ್ಲಿ ಮಾತಾಡಿಸಿದರು. ಮಗಳು ಹಿಂದಿಯಲ್ಲಿ ಉತ್ತರ ಕೊಟ್ಟಳು. ಅಮ್ಮ ನನ್ನ ಮುಖ ನೋಡಿದರು. ನಾನು ತುಕ್ಪಾ ನೋಡಿದೆ. ಪರಊರಿನಲ್ಲಿ ಬಾಳುವುದನ್ನು ನನಗಿಂತ ಅವರು ಚೆನ್ನಾಗಿ ಕಲಿತಿದ್ದಾರೆ. ಇಲ್ಲಿಯ ಮಾತೂ ಬರುತ್ತದೆ, ತಮ್ಮದನ್ನೂ ಬಿಟ್ಟಿಲ್ಲ. ನಾನು ಮರಾಠಿ ಕಲಿತೆ, ಮನೆಯಲ್ಲಿ ಕನ್ನಡ ಸಡಿಲ ಬಿಟ್ಟೆ.

ಐದು ಬಣ್ಣದ ಬಾವುಟಗಳ ಒಂದು ಸರ ಕೊಂಡೆವು. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ. ಬಣ್ಣಗಳ ಹೆಸರನ್ನು ಮಗಳಿಗೆ ಕನ್ನಡದಲ್ಲೇ ಹೇಳಿಸಿದೆ. ಸೇತುವೆ ಬರುವ ಹೊತ್ತಿಗೆ ಹಸಿರಿನವರೆಗೆ ಬಂದಿದ್ದಳು.

ಮನೆಗೆ ಬಂದ ತಕ್ಷಣ ಅಕ್ಕ ಕೈ ಚಾಚಿದಳು. "ಪ್ರಸಾದ ಎಲ್ಲೋ?"

"ಪ್ರಸಾದ, ಆರತಿ ಏನೂ ಇಲ್ಲಕ್ಕ. ಒಂದು ರೂಪಾಯಿ ಕೂಡ ಕೇಳಲಿಲ್ಲ" ಎಂದೆ, ದೊಡ್ಡ ವಿಷಯ ಕಂಡುಹಿಡಿದವನ ಹಾಗೆ.

ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. "ಅಲ್ಲೇ ಹುಂಡಿ ಇತ್ತಲ್ಲ ಮಾರಾಯ, ನೋಡಲಿಲ್ವಾ?" ಎಂದರು.