ಬೇಕರ್ ಬೀದಿಯ ಗರಡಿಮನೆ

ಹತ್ತೊಂಬತ್ತರ ಹರೆಯದ ಷರ್ಲಾಕ್ ಹೋಮ್ಸ್‌ನನ್ನು ತೆರೆಗೆ ತರುವ ಸರಣಿಯನ್ನು ನಿರ್ದೇಶಕ ಗೈ ರಿಚಿಯವರು ಅಮೆಜಾನ್‌ಗಾಗಿ ಕೈಗೆತ್ತಿಕೊಂಡ ಸುದ್ದಿ ನಿಮಗೂ ಗೊತ್ತೇ ಇರುತ್ತದೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ನಡುವಯಸ್ಸಿನ ಹೋಮ್ಸ್‌ನನ್ನು 2009 ಮತ್ತು 2011ರ ಎರಡು ಚಿತ್ರಗಳಲ್ಲಿ ಗುದ್ದಿಸಿ, ಸಿಡಿಮದ್ದಿನ ನಡುವೆ ಓಡಿಸಿ, ಕೊನೆಗೆ ಭುಜಕ್ಕೆ ಕೊಕ್ಕೆ ಚುಚ್ಚಿ ನೇತುಹಾಕಿದ್ದೂ ಆದ ಮೇಲೆ, ಇನ್ನೂ ನೆಟ್ಟಗಿರುವ ಮೂಳೆಗಳು ಬೇಕೆಂದರೆ ಅವನ ಯೌವನಕ್ಕೇ ಹೋಗಬೇಕಾಗುತ್ತದೆ. ಮುಂದೊಂದು ದಿನ ತೊಟ್ಟಿಲಲ್ಲಿ ಮಲಗಿದ ಹೋಮ್ಸ್ ಹಾಲಿನ ಬಾಟಲಿಯಿಂದಲೇ ಮೂವರು ಕೇಡಿಗಳನ್ನು ಉರುಳಿಸುವುದನ್ನೂ ನಾವು ನೋಡಲಿದ್ದೇವೆ. ಅದಕ್ಕೂ ತಪ್ಪದೆ ಚಂದಾ ಕಟ್ಟಲಿದ್ದೇವೆ.

ಹೋಮ್ಸ್‌ನ ಕಾಲೇಜು ದಿನಗಳ ಬಗ್ಗೆ ಅವನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವರೇ 1893ರಲ್ಲಿ ‘ಗ್ಲೋರಿಯಾ ಸ್ಕಾಟ್’ ಎಂಬ ಕಥೆ ಬರೆದಿದ್ದಾರೆ. ಅದರಲ್ಲಿ ಹೋಮ್ಸ್ ತಾನೇ ಹೇಳಿಕೊಳ್ಳುವ ಪ್ರಕಾರ, ಅವನು ಯಾರೊಂದಿಗೂ ಹೆಚ್ಚು ಬೆರೆಯದೆ ಕೋಣೆಯೊಳಗೇ ಕುಳಿತು ತನ್ನ ಯೋಚನೆಯ ವಿಧಾನಗಳನ್ನು ತಿದ್ದಿಕೊಳ್ಳುತ್ತಿದ್ದ ಹುಡುಗ. ಅವನಿಗೆ ಸಿಕ್ಕ ಒಬ್ಬನೇ ಗೆಳೆಯನೂ ಸಿಕ್ಕಿದ್ದು ನಾಯಿಯ ದಯೆಯಿಂದ. ಬೆಳಗ್ಗೆ ಪ್ರಾರ್ಥನೆಗೆ ಹೋಗುತ್ತಿದ್ದಾಗ ವಿಕ್ಟರ್ ಟ್ರೆವರ್ ಎಂಬವನ ಬುಲ್ ಟೆರಿಯರ್ ನಾಯಿ ಹೋಮ್ಸ್‌ನ ಕಾಲಿನ ಹರಡಿಗೆ ಬಾಯಿ ಹಾಕಿತು. ಭಾವಿ ಪತ್ತೇದಾರ ಹತ್ತು ದಿನ ಹಾಸಿಗೆ ಹಿಡಿದ. ನಾಯಿಯ ಒಡೆಯ ಕ್ಷೇಮ ವಿಚಾರಿಸಲು ಬಂದುಹೋಗುತ್ತಾ ಸ್ನೇಹಿತನಾದ. ಮೂಲದಲ್ಲಿ ಯುವ ಹೋಮ್ಸ್‌ನ ಸಾಹಸ ದೃಶ್ಯವೆಂದರೆ ಇದೇ, ಮತ್ತು ಇದರಲ್ಲಿ ಗೆದ್ದದ್ದು ನಾಯಿ. ಸಾಹಸ ನಿರ್ದೇಶಕರು ಇದನ್ನು ಹೇಗೆ ಸಂಯೋಜಿಸುತ್ತಾರೋ ನೋಡುವ ಕುತೂಹಲ ನನಗಿದೆ.

2009ರ ಚಿತ್ರವನ್ನು ಹೊಗಳದಿದ್ದರೆ ಕೃತಘ್ನತೆಯಾದೀತು. ರಾಬರ್ಟ್ ಡೌನಿ ಜೂನಿಯರ್ ಅವರಿಗೆ ಆ ಪಾತ್ರಕ್ಕಾಗಿ ಗೋಲ್ಡನ್ ಗ್ಲೋಬ್ ಬಂತು, ಚಿತ್ರ 50 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು, ಮತ್ತು ಶತಮಾನಕ್ಕೂ ಮೀರಿ ಕುರ್ಚಿಯಲ್ಲೇ ಕುಳಿತು ಬೆನ್ನು ಹಿಡಿದುಕೊಂಡಿದ್ದ ಬಡಪಾಯಿಗೆ ಕೊನೆಗೂ ವ್ಯಾಯಾಮ ಸಿಕ್ಕಿತು. ಹಡಗುಕಟ್ಟೆಯಲ್ಲಿ ಅವನು ದೈತ್ಯನೊಬ್ಬನ ಜತೆ ಗುದ್ದಾಡುವ ಭರದಲ್ಲಿ ಕಟ್ಟುತ್ತಿದ್ದ ಹಡಗೇ ಜಾರಿ ಥೇಮ್ಸ್ ನದಿಗೆ ಇಳಿಯುತ್ತದೆ. ಇನ್ನೂ ಕಟ್ಟಿ ಮುಗಿಯದ ಟವರ್ ಬ್ರಿಜ್‌ನ ನೆತ್ತಿಯ ಮೇಲೆ ಕ್ಲೈಮ್ಯಾಕ್ಸ್ ಹೊಡೆದಾಟ ನಡೆಯುತ್ತದೆ. ಆ ಸೇತುವೆಯ ಕಾಮಗಾರಿ 1886ರಿಂದ 1894ರವರೆಗೆ ಯಾಕೆ ಎಳೆಯಿತೆಂಬುದು ನನಗೆ ಆಗ ಅರ್ಥವಾಯಿತು: ಹಗಲು ಎಂಜಿನಿಯರುಗಳು ಕಟ್ಟಿದ್ದನ್ನು ಬಿಡುವಾದಾಗಲೆಲ್ಲ ಪತ್ತೇದಾರರು ಬಂದು ಕೆಡವುತ್ತಿದ್ದಿರಬೇಕು. ನಾಯಕ ಪರದೆಗೆ ಬರುತ್ತಲೇ ಹತ್ತಾರು ಮಂದಿ ಗಾಳಿಯಲ್ಲಿ ತೇಲುವುದನ್ನು ನೋಡಿ ಬೆಳೆದ ನಮಗೆ ಒಂದು ಹಡಗು ಜಾರಿದ್ದು ದೊಡ್ಡ ವಿಷಯವೇನಲ್ಲ ಬಿಡಿ. ಆದರೆ ನಮ್ಮ ನಾಯಕರು ತಾವು ತರ್ಕಪಂಡಿತರೆಂದು ಎಂದೂ ಹೇಳಿಕೊಂಡವರಲ್ಲ.

ರಿಚಿಯವರ ನಿಜವಾದ ಆವಿಷ್ಕಾರ ಇರುವುದು ಬೇರೆ ಕಡೆ. ಅಂಗಿ ಕಳಚಿ ಅಖಾಡಕ್ಕಿಳಿದ ಹೋಮ್ಸ್ ಹೊಡೆಯುವ ಮೊದಲು ಪ್ರತಿ ಏಟನ್ನೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ, ಅದನ್ನು ನಾವು ಸ್ಲೋ ಮೋಷನ್‌ನಲ್ಲಿ, ಅವನದೇ ವ್ಯಾಖ್ಯಾನದೊಂದಿಗೆ ನೋಡುತ್ತೇವೆ: ಇಲ್ಲಿ ಗುದ್ದಿದರೆ ದವಡೆ, ಅಲ್ಲಿ ಗುದ್ದಿದರೆ ಪಕ್ಕೆಲುಬು, ಮೈ ಸುಧಾರಿಸಲು ಇಷ್ಟು ವಾರ, ಮನಸ್ಸು ಸುಧಾರಿಸಲು ಇಷ್ಟು ತಿಂಗಳು. ಲೆಕ್ಕ ಮುಗಿದ ಮೇಲೆ ಅದೇ ಹೊಡೆತಗಳು ಮಾಮೂಲಿ ವೇಗದಲ್ಲಿ ಇನ್ನೊಮ್ಮೆ ಬೀಳುತ್ತವೆ. ಒಂದೇ ಟಿಕೆಟ್ಟಿನಲ್ಲಿ ಒಂದೇ ಗುದ್ದನ್ನು ಎರಡು ಸಲ ಮಾರುವ ಈ ಜಾಣ್ಮೆಗೆ ತಲೆಬಾಗಲೇಬೇಕು. ‘ಸಿಲ್ವರ್ ಬ್ಲೇಜ್’ ಕಥೆಯಲ್ಲೂ ಹೋಮ್ಸ್ ಲೆಕ್ಕ ಹಾಕುತ್ತಾನೆ. ಎಕ್ಸೆಟರ್ ಕಡೆಗೆ ಓಡುತ್ತಿರುವ ರೈಲಿನ ಕಿಟಕಿಯ ಪಕ್ಕ ಕುಳಿತು, 60 ಗಜಕ್ಕೊಂದರಂತೆ ನೆಟ್ಟ ತಂತಿಕಂಬಗಳು ಹಿಂದೆ ಸರಿಯುವುದನ್ನು ಗಡಿಯಾರದೊಂದಿಗೆ ತಾಳೆ ನೋಡಿ, ರೈಲು ಗಂಟೆಗೆ ಐವತ್ತಮೂರೂವರೆ ಮೈಲಿ ವೇಗದಲ್ಲಿ ಹೋಗುತ್ತಿದೆಯೆಂದು ಗೆಳೆಯ ವಾಟ್ಸನ್‌ಗೆ ಹೇಳುತ್ತಾನೆ. ಕಥೆಗೆ ಆ ಲೆಕ್ಕದಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಈ ಮನುಷ್ಯನ ತಲೆ ಸುಮ್ಮನೆ ಕೂರುವಂಥದ್ದಲ್ಲ ಎಂಬುದು ಮಾತ್ರ ಓದುಗನಿಗೆ ಖಾತ್ರಿಯಾಗುತ್ತದೆ. 2011ರ ಚಿತ್ರದಲ್ಲೂ ಹೋಮ್ಸ್ ರೈಲು ಹತ್ತುತ್ತಾನೆ. ಹೆಂಗಸಿನ ವೇಷದಲ್ಲಿ ಹತ್ತಿ, ಆಗಷ್ಟೇ ಮದುವೆಯಾದ ವಾಟ್ಸನ್‌ನ ಹೆಂಡತಿಯನ್ನು ಓಡುವ ಬೋಗಿಯಿಂದ ನದಿಗೆ ತಳ್ಳಿ, ಗುಂಡಿನ ಸುರಿಮಳೆಯಲ್ಲಿ ಬೋಗಿಯನ್ನು ಜರಡಿ ಮಾಡಿಸಿಕೊಳ್ಳುತ್ತಾನೆ. ಪಾಪ, ಕಂಬ ಎಣಿಸಲು ಅವನಿಗೆ ಪುರಸೊತ್ತೆಲ್ಲಿ?

ಹೋಮ್ಸ್ ಮೂಲದಲ್ಲೂ ಮುಷ್ಟಿಯುದ್ಧ ಬಲ್ಲವನೇ ಅಲ್ಲವೇ ಎಂದು ಈ ಚಿತ್ರಗಳ ಅಭಿಮಾನಿಗಳು ಕೇಳುತ್ತಾರೆ, ಮತ್ತು ಅವರು ಹೇಳುವುದು ನಿಜ. 1887ರ ಮೊದಲ ಕಾದಂಬರಿಯಲ್ಲೇ ವಾಟ್ಸನ್ ತನ್ನ ಗೆಳೆಯನ ವಿದ್ಯೆಗಳ ಪಟ್ಟಿ ಮಾಡುವಾಗ ಕೋಲುವರಸೆ, ಮುಷ್ಟಿಯುದ್ಧ, ಕತ್ತಿವರಸೆ ಮೂರನ್ನೂ ಸೇರಿಸಿದ್ದಾನೆ. ಆದರೆ ‘ಯೆಲ್ಲೋ ಫೇಸ್’ ಕಥೆಯ ಶುರುವಿನಲ್ಲಿ ಅದೇ ವಾಟ್ಸನ್ ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ: ಉದ್ದೇಶವಿಲ್ಲದೆ ಮೈ ದಣಿಸುವುದು ಶಕ್ತಿಯ ದುಂದುವೆಚ್ಚ ಎಂಬುದು ಹೋಮ್ಸ್‌ನ ಅಭಿಪ್ರಾಯವಾಗಿತ್ತು, ಕಸುಬಿಗೆ ಬೇಕಿಲ್ಲದಿದ್ದರೆ ಅವನು ಕದಲುತ್ತಿರಲಿಲ್ಲ. ಈ ಸಾಲನ್ನು ಹಾಲಿವುಡ್‌ನಲ್ಲಿ ಯಾರೂ ಓದಿದಂತಿಲ್ಲ. ‘ಸಾಲಿಟರಿ ಸೈಕ್ಲಿಸ್ಟ್’ ಕಥೆಯಲ್ಲಿ ಹಳ್ಳಿಯ ಪಾನಗೃಹದಲ್ಲಿ ವುಡ್ಲಿ ಎಂಬ ಪುಂಡನಿಗೆ ಹೋಮ್ಸ್ ಎಡಗೈಯಿಂದ ಬಾರಿಸುವ ಪ್ರಸಂಗವಿದೆ. ಅದೂ ನಮ್ಮ ಕಣ್ಣೆದುರು ನಡೆಯುವುದಿಲ್ಲ; ಹಣೆಯ ಮೇಲೆ ಬುಗುಟು, ತುಟಿಯ ಮೇಲೆ ಗಾಯ ಮಾಡಿಕೊಂಡು ಮನೆಗೆ ಬಂದ ಹೋಮ್ಸ್ ಅದನ್ನು ನಗುತ್ತಾ ವರದಿ ಮಾಡುತ್ತಾನೆ, ವುಡ್ಲಿ ಮಹಾಶಯರು ಗಾಡಿಯಲ್ಲಿ ಮನೆಗೆ ಹೋದರೆಂದು ಹೇಳಿ ಮುಗಿಸುತ್ತಾನೆ.

ಪತ್ತೇದಾರಿ ಸಾಹಿತ್ಯದ ಅತಿ ದೊಡ್ಡ ಹೊಡೆದಾಟವನ್ನೇ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ರೈಕೆನ್‌ಬಾಕ್ ಜಲಪಾತದ ನೆತ್ತಿಯಲ್ಲಿ ಹೋಮ್ಸ್ ಮತ್ತು ಅವನ ಕಡುವೈರಿ ಪ್ರೊಫೆಸರ್ ಮೊರಿಯಾರ್ಟಿ ಕಾದಾಡಿದ್ದನ್ನು ನೋಡಿದವರು ಆ ಕಥೆಯಲ್ಲಿ ಯಾರೂ ಇಲ್ಲ. ಸುಳ್ಳು ಕರೆಗೆ ಓಗೊಟ್ಟು ಕೆಳಗಿಳಿದು ಹೋಗಿದ್ದ ವಾಟ್ಸನ್ ಏದುಸಿರು ಬಿಡುತ್ತಾ ಮರಳಿದಾಗ ಅವನಿಗೆ ಕಾಣುವುದು ಬಂಡೆಗೆ ಒರಗಿಸಿಟ್ಟ ಊರುಗೋಲು. ತುಂತುರಿನಿಂದ ಸದಾ ಒದ್ದೆಯಾಗಿರುವ ಕಪ್ಪು ಮಣ್ಣಿನ ದಾರಿಯಲ್ಲಿ ಎರಡು ಸಾಲು ಹೆಜ್ಜೆಗುರುತುಗಳು ಮುಂದಕ್ಕೆ ಹೋಗಿವೆ, ಹಿಂದಕ್ಕೆ ಬಂದದ್ದು ಒಂದೂ ಇಲ್ಲ. ಪ್ರಪಾತದ ಅಂಚಿಗೆ ಕೆಲವು ಗಜ ದೂರದಲ್ಲಿ ಮಣ್ಣು ಉತ್ತಂತೆ ಕಲಸಿಹೋಗಿದೆ, ಪಕ್ಕದ ಮುಳ್ಳುಪೊದೆ, ಜರಿಗಿಡಗಳು ಕಿತ್ತು ಕೆಸರಾಗಿವೆ. ಗೆಳೆಯ ಕಲಿಸಿದ ವಿದ್ಯೆಯಿಂದಲೇ ವಾಟ್ಸನ್ ಗೆಳೆಯನ ಸಾವನ್ನು ಓದಬೇಕಾಗುತ್ತದೆ, ಅವನ ಹೆಗಲ ಮೇಲಿಂದ ನಾವೂ ಓದುತ್ತೇವೆ. ಹತ್ತು ವರ್ಷಗಳ ಬಳಿಕ, 1903ರಲ್ಲಿ, ಓದುಗರ ಒತ್ತಾಯಕ್ಕೂ ಪ್ರಕಾಶಕರ ಹಣಕ್ಕೂ ಮಣಿದು ಹೋಮ್ಸ್‌ನನ್ನು ಬದುಕಿಸಬೇಕಾಗಿ ಬಂದಾಗ ಡಾಯ್ಲ್ ಅವರು ‘ಬರಿತ್ಸು’ ಎಂಬ ಜಪಾನೀ ಕುಸ್ತಿಯ ಪಟ್ಟೊಂದನ್ನು ತಂದು ಎರಡು ವಾಕ್ಯಗಳಲ್ಲಿ ಕೆಲಸ ಮುಗಿಸಿದರು. ಆ ಎರಡು ವಾಕ್ಯಗಳ ಮೇಲೆ ಇಂದು ಒಂದು ಉದ್ಯಮವೇ ನಿಂತಿದೆ.

ಇಲ್ಲಿ ಕಾನೂನಿನ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. 2020ರಲ್ಲಿ ನೆಟ್‌ಫ್ಲಿಕ್ಸ್ ಹೋಮ್ಸ್‌ಗೊಬ್ಬ ತಂಗಿಯನ್ನು ಕೊಟ್ಟ ‘ಎನೋಲಾ ಹೋಮ್ಸ್’ ಚಿತ್ರವನ್ನು ತರಲು ಹೊರಟಾಗ ಡಾಯ್ಲ್ ಅವರ ಹಕ್ಕುದಾರರು ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. 1923ಕ್ಕೆ ಮುಂಚಿನ ಕಥೆಗಳು ಅಷ್ಟರಲ್ಲಿ ಸಾರ್ವಜನಿಕರ ಸ್ವತ್ತಾಗಿದ್ದವು. ಮೊಕದ್ದಮೆ ನಿಂತದ್ದು 1923ರಿಂದ 1927ರವರೆಗಿನ ಕೆಲವೇ ಕಥೆಗಳ ಮೇಲೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಮಗನನ್ನೂ ತಮ್ಮನನ್ನೂ ಕಳೆದುಕೊಂಡ ಡಾಯ್ಲ್, ಆ ಕೊನೆಯ ಕಥೆಗಳಲ್ಲಷ್ಟೇ ಹೋಮ್ಸ್‌ಗೆ ಮೃದುತ್ವವನ್ನು, ಹೆಂಗಸರ ಬಗ್ಗೆ ಗೌರವವನ್ನು ಕೊಟ್ಟರೆಂಬುದು ಹಕ್ಕುದಾರರ ವಾದ. ಅಂದರೆ ಹೋಮ್ಸ್‌ನ ಬುದ್ಧಿಯನ್ನೂ ಮುಷ್ಟಿಯನ್ನೂ ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಿತ್ತು, ಅವನ ಕರುಣೆಗೆ ಮಾತ್ರ ಕಾಪಿರೈಟ್ ಇತ್ತು. ಚಿತ್ರದಲ್ಲಿ ಹೋಮ್ಸ್ ಆಗಿದ್ದವರು ಅದಕ್ಕೆ ಮುಂಚೆ ಸೂಪರ್‌ಮ್ಯಾನ್ ಆಗಿದ್ದ ಹೆನ್ರಿ ಕ್ಯಾವಿಲ್. ಡಾಯ್ಲ್ ಬರೆದ ಹೋಮ್ಸ್ ಕಡ್ಡಿಯಂಥ ಮೈಯವನು. ಆ ಭುಜಗಳ ಬಗ್ಗೆ ಯಾರೂ ನ್ಯಾಯಾಲಯಕ್ಕೆ ಹೋಗಲಿಲ್ಲ, ತಂಗಿಯ ಮೇಲೆ ಅಕ್ಕರೆ ತೋರಿಸಿದ್ದು ಅಪರಾಧವಾಯಿತು. ವರ್ಷಾಂತ್ಯಕ್ಕೆ ಆ ಮೊಕದ್ದಮೆಯನ್ನು ಕೈಬಿಟ್ಟರು. 2023ರ ಜನವರಿ 1ರಿಂದ ಅಮೆರಿಕದಲ್ಲೂ ಹೋಮ್ಸ್ ಪೂರ್ತಿ ಸ್ವತಂತ್ರ, ಮನಃಪೂರ್ವಕವಾಗಿ ಕರುಣೆ ತೋರಬಹುದು. ಯಾರೂ ಅವಸರಪಟ್ಟು ತೋರಿಸುತ್ತಿಲ್ಲ ಎಂಬುದು ಬೇರೆ ಮಾತು.

ಬಿಬಿಸಿಯ ‘ಷರ್ಲಾಕ್’ 2010ರಲ್ಲಿ ಶುರುವಾದಾಗ ನಾನು ನಿಜಕ್ಕೂ ಹಿಗ್ಗಿದ್ದೆ, ಏಕೆಂದರೆ ಅಲ್ಲಿ ಯೋಚನೆಯೇ ನಾಯಕನಾಗಿತ್ತು. ಆದರೆ ಗರಡಿಯ ಗಾಳಿ ಅಲ್ಲಿಗೂ ತಲುಪಿತು. ‘ಸಿಕ್ಸ್ ನೆಪೋಲಿಯನ್ಸ್’ ಕಥೆಯಲ್ಲಿ ಯಾರೋ ಲಂಡನ್ನಿನ ಮನೆಗಳಿಗೆ ನುಗ್ಗಿ ನೆಪೋಲಿಯನ್ನನ ಗಾರೆಯ ಮೂರ್ತಿಗಳನ್ನು ಕದ್ದು ಒಡೆಯುತ್ತಿರುತ್ತಾರೆ. ಒಂದು ಮೂರ್ತಿ ಖಾಲಿ ಮನೆಯ ಅಂಗಳದಲ್ಲಿ ಚೂರಾಗಿ ಬಿದ್ದಿದೆ. ಕಳ್ಳ ಬಂದ ದಾರಿಯಲ್ಲಿ ಅದಕ್ಕಿಂತ ಹತ್ತಿರದಲ್ಲೇ ಇನ್ನೊಂದು ಖಾಲಿ ಮನೆ ಇತ್ತಲ್ಲ, ಅಲ್ಲಿ ಯಾಕೆ ಒಡೆಯಲಿಲ್ಲ ಎಂದು ಹೋಮ್ಸ್ ಕೇಳುತ್ತಾನೆ. ಇನ್ಸ್‌ಪೆಕ್ಟರ್ ಲೆಸ್ಟ್ರೇಡ್‌ಗೆ ಹೊಳೆಯುವುದಿಲ್ಲ. ಹೋಮ್ಸ್ ತಲೆಯ ಮೇಲಿನ ಬೀದಿದೀಪವನ್ನು ತೋರಿಸುತ್ತಾನೆ: ಇಲ್ಲಿ ಅವನಿಗೆ ಕಣ್ಣು ಕಾಣುತ್ತಿತ್ತು, ಅಲ್ಲಿ ಕಾಣುತ್ತಿರಲಿಲ್ಲ. ಒಡೆಯುವುದಷ್ಟೇ ಉದ್ದೇಶವಾಗಿದ್ದರೆ ಕತ್ತಲೆಯೇ ಸಾಕಾಗುತ್ತಿತ್ತು. ಅವನಿಗೆ ಒಳಗಿರುವುದೇನನ್ನೋ ಹುಡುಕಬೇಕಿತ್ತು. ಖರ್ಚಿಲ್ಲದ ಒಂದು ದೀಪ, ಬೆರಳೆತ್ತಿ ತೋರಿಸುವ ಒಂದು ಕೈ, ಇಷ್ಟರಿಂದ ಕಥೆ ಪಟ್ಟನೆ ಮಗ್ಗುಲು ಬದಲಿಸುತ್ತದೆ. 2017ರ ಬಿಬಿಸಿ ಆವೃತ್ತಿಯಲ್ಲಿ ನೆಪೋಲಿಯನ್ ಹೋಗಿ ಮಾರ್ಗರೆಟ್ ಥ್ಯಾಚರ್ ಬಂದರು, ಮೂರ್ತಿಯೊಳಗಿನ ಕಪ್ಪು ಮುತ್ತು ಹೋಗಿ ಪೆನ್ ಡ್ರೈವ್ ಬಂತು, ಹೋಮ್ಸ್ ಈಜುಕೊಳದಲ್ಲಿ ಬಿದ್ದು ಮಾಜಿ ಬಾಡಿಗೆ ಯೋಧನೊಬ್ಬನ ಜತೆ ಒದ್ದಾಡಿದ. ಅದೇ ಸರಣಿಯ ಕೊನೆಯ ಕಂತಿನಲ್ಲಿ ಡ್ರೋನ್ ಮೇಲೆ ಕುಳಿತು ಬಂದ ಬಾಂಬು ಬೇಕರ್ ಬೀದಿಯ ಮನೆಯನ್ನೇ ಸಿಡಿಸಿತು. ಬೀದಿದೀಪಕ್ಕೆ ಮಾತ್ರ ಜಾಗ ಸಿಗಲಿಲ್ಲ.

ಈ ರೋಗ ಹೋಮ್ಸ್ ಒಬ್ಬನಿಗೇ ತಗಲಿದ್ದಲ್ಲ. ಅಗಾಥಾ ಕ್ರಿಸ್ಟಿಯವರ ಪತ್ತೇದಾರ ಹರ್ಕ್ಯೂಲ್ ಪ್ವಾರೋ 1920ರಲ್ಲಿ ಮೊದಲ ಸಲ ಕಾಣಿಸಿಕೊಂಡಾಗಲೇ ನಿವೃತ್ತ, ಕುಂಟುತ್ತಿದ್ದ ಕುಳ್ಳ. ಬಟ್ಟೆಯ ಮೇಲಿನ ಒಂದು ಕಣ ಧೂಳು ಅವನಿಗೆ ಗುಂಡೇಟಿಗಿಂತ ಹೆಚ್ಚು ನೋವು ಕೊಟ್ಟೀತೆಂದು ಗೆಳೆಯ ಹೇಸ್ಟಿಂಗ್ಸ್ ಆ ಮೊದಲ ಕಾದಂಬರಿಯಲ್ಲೇ ಬರೆದಿದ್ದಾನೆ. 2017ರಲ್ಲಿ ಕೆನೆತ್ ಬ್ರಾನಾ ಅವರು ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ ಮಾಡುವಾಗ ಈ ಮಾತನ್ನು ಪರೀಕ್ಷಿಸಿಯೇ ಬಿಡೋಣವೆಂದುಕೊಂಡರೋ ಏನೋ, ಪ್ವಾರೋಗೆ ನಿಜವಾಗಿಯೂ ಗುಂಡೇಟು ಹಾಕಿಸಿದರು. ಹಿಮದಲ್ಲಿ ಸಿಕ್ಕಿಬಿದ್ದ ರೈಲಿನಿಂದ ಯಾರೂ ಇಳಿದು ಹೋಗಲಾರರು, ಆದ್ದರಿಂದ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಮಾತನಾಡಿಸಲೇಬೇಕು ಎಂಬುದೇ 1934ರ ಆ ಕಾದಂಬರಿಯ ಜೀವ. ಬ್ರಾನಾ ಅವರು ರೈಲನ್ನು ಸೇತುವೆಯ ಮೇಲೆ ನಿಲ್ಲಿಸಿ, ಪ್ವಾರೋನನ್ನು ಅದರ ಮರದ ತೊಲೆಗಳ ನಡುವೆ ಒಬ್ಬನನ್ನು ಅಟ್ಟಿಸಿಕೊಂಡು ಓಡುವಂತೆ ಮಾಡಿದರು. 1989ರಿಂದ 2013ರವರೆಗೆ ಡೇವಿಡ್ ಸುಶೆ ಅವರು ಟಿವಿಯಲ್ಲಿ ಅದೇ ಪ್ವಾರೋನನ್ನು ಪುಟ್ಟಪುಟ್ಟ ಹೆಜ್ಜೆ ಇಡಿಸುತ್ತಲೇ ಕಾಲು ಶತಮಾನ ನಡೆಸಿದ್ದರು, ಯಾರೂ ಎದ್ದು ಹೋಗಿರಲಿಲ್ಲ.

ಕೇಳಿದರೆ ಸಿಗುವ ಉತ್ತರ ಒಂದೇ: ಇಂದಿನ ಪ್ರೇಕ್ಷಕನಿಗೆ ತಾಳ್ಮೆಯಿಲ್ಲ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇದೇ ಪ್ರೇಕ್ಷಕ ಐದು ದಿನದ ಟೆಸ್ಟ್ ಪಂದ್ಯ ನೋಡುತ್ತಾನೆ. ಚದುರಂಗದ ಹುಡುಗನೊಬ್ಬ ಒಂದೇ ನಡೆಗಾಗಿ ಅರ್ಧ ಗಂಟೆ ಗಲ್ಲಕ್ಕೆ ಕೈ ಹಚ್ಚಿ ಕುಳಿತದ್ದನ್ನು ಬಸ್ಸಿನಲ್ಲಿ ನಿಂತುಕೊಂಡು ಮೊಬೈಲಿನಲ್ಲಿ ನೇರಪ್ರಸಾರದಲ್ಲಿ ನೋಡುತ್ತಾನೆ. ಯೋಚಿಸುವ ಮುಖವನ್ನು ನೋಡಲು ನಮಗೆ ಬೇಸರವಿಲ್ಲ. ಯೋಚನೆಯನ್ನು ಬರೆಯಲು ಅವರಿಗೆ ಬಾರದು, ಅಥವಾ ಬರೆಯಬಲ್ಲವರಿಗೆ ದುಡ್ಡು ಕೊಡಲು ಮನಸ್ಸಿಲ್ಲ. 1984ರಿಂದ 1994ರವರೆಗೆ ಗ್ರಾನಡಾ ಟಿವಿಯ ಸರಣಿಯಲ್ಲಿ ಜೆರೆಮಿ ಬ್ರೆಟ್ ಅವರು ಬೆರಳ ತುದಿಗಳನ್ನು ಜೋಡಿಸಿ ಕಣ್ಣು ಮುಚ್ಚಿದರೆ ನಾವು ಉಸಿರು ಬಿಗಿಹಿಡಿಯುತ್ತಿದ್ದೆವು. ಈಗ ಕೋಟಿಗಟ್ಟಲೆ ಸುರಿದು ವಿಕ್ಟೋರಿಯಾ ಕಾಲದ ಲಂಡನ್ನನ್ನು ಗ್ರಾಫಿಕ್ಸಿನಲ್ಲಿ ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟುತ್ತಾರೆ, ಅದರಲ್ಲಿ ಗಮನಿಸಬೇಕಾದ ಒಂದು ವಸ್ತುವನ್ನೂ ಇಡದೆ ಎಲ್ಲವನ್ನೂ ಒಡೆಯುತ್ತಾರೆ. ಸುಳಿವುಗಳನ್ನು ಕಣ್ಣಿಗೆ ನಿಲುಕದ ವೇಗದಲ್ಲಿ ಮಿಂಚಿಸಿ, ಕೊನೆಯಲ್ಲಿ ನಾಯಕನ ಬಾಯಿಂದ ಗಡಿಬಿಡಿಯಲ್ಲಿ ವಿವರಿಸಿ, ನೋಡಿದಿರಾ ಎಷ್ಟು ಬುದ್ಧಿವಂತ ಎನ್ನುತ್ತಾರೆ. ನಮಗೂ ಯೋಚಿಸಲು ಸಮಾನ ಅವಕಾಶ ಕೊಡುವುದೇ ಈ ಪ್ರಕಾರದ ಮರ್ಯಾದೆ. ಅದನ್ನು ಕಿತ್ತುಕೊಂಡು ನಮಗೇ ತಾಳ್ಮೆಯಿಲ್ಲವೆಂದು ಬೈಯುವುದು ಶುದ್ಧ ಅನ್ಯಾಯ.

ಸದ್ಯಕ್ಕೆ ಇವರ ಕೈಗೆ ಪೂರ್ತಿ ಸಿಗದೆ ಉಳಿದಿರುವವನು ಅಣ್ಣ ಮೈಕ್ರಾಫ್ಟ್ ಹೋಮ್ಸ್. ತಮ್ಮನಿಗಿಂತ ಹೆಚ್ಚು ಬುದ್ಧಿವಂತ, ಧಡೂತಿ ಆಸಾಮಿ. ತನ್ನ ಊಹೆ ಸರಿಯೆಂದು ಸಾಬೀತುಪಡಿಸಲು ಎದ್ದು ಹೋಗುವ ತೊಂದರೆ ತೆಗೆದುಕೊಳ್ಳುವುದಕ್ಕಿಂತ ತಪ್ಪೆನ್ನಿಸಿಕೊಳ್ಳುವುದೇ ಮೇಲು ಎನ್ನುವವನು. ಯಾರೂ ಯಾರೊಂದಿಗೂ ಮಾತಾಡಬಾರದೆಂಬ ನಿಯಮವಿರುವ ಕ್ಲಬ್ಬಿನಲ್ಲಿ ಸಂಜೆ ಕಳೆಯುವವನು. ಪತ್ತೇದಾರಿಕೆಯೆಂದರೆ ಆರಾಮಕುರ್ಚಿಯಲ್ಲಿ ಕುಳಿತು ತರ್ಕಿಸುವುದಷ್ಟೇ ಆಗಿದ್ದರೆ ತನ್ನಣ್ಣನನ್ನು ಮೀರಿಸುವವರು ಇರುತ್ತಿರಲಿಲ್ಲವೆಂದು ಷರ್ಲಾಕ್ ಒಪ್ಪಿಕೊಂಡಿದ್ದಾನೆ. 2011ರ ಚಿತ್ರದಲ್ಲಿ ಸ್ಟೀಫನ್ ಫ್ರೈ ಅವರು ಈ ಪಾತ್ರದಲ್ಲಿ ಬತ್ತಲೆಯಾಗಿ ಓಡಾಡಿದರೇ ಹೊರತು ಯಾರ ಮೇಲೂ ಕೈ ಮಾಡಲಿಲ್ಲ. ಆದರೆ ಹಕ್ಕುಗಳೆಲ್ಲ ಮುಕ್ತವಾಗಿವೆ, ವೇದಿಕೆಗಳಿಗೆ ಸರಣಿಗಳು ಬೇಕಾಗಿವೆ. ಮೈಕ್ರಾಫ್ಟ್‌ಗೂ ಒಬ್ಬ ಫೈಟ್ ಮಾಸ್ಟರ್ ಗೊತ್ತಾಗುವುದು ಖಂಡಿತ. ಆ ಗಾತ್ರದ ಡ್ಯೂಪ್ ಹುಡುಕಲು ಸ್ವಲ್ಪ ಸಮಯ ಹಿಡಿಯಬಹುದು, ಅಷ್ಟೇ.