ಸತ್ಯಾಂಶ: ಸಮುದ್ರ ಆ್ಯಸಿಡ್ ಆಗಿ ಶಾರ್ಕ್‌ಗಳಿಗೆ ತಲೆಕೆಟ್ಟಿದ್ಯಾ?

"ಸಮುದ್ರದ ನೀರು ಆ್ಯಸಿಡ್ ಆಗೋಗಿದೆ, ಶಾರ್ಕ್‌ಗಳಿಗೆ ವಾಸನೆ ಗೊತ್ತಾಗ್ದೆ ಹುಚ್ಚು ಹಿಡಿದು ಮನುಷ್ಯರ ಮೇಲೆ ಬೀಳ್ತಿವೆ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಅರ್ಧ ನಿಜಕ್ಕೆ ಮಸಾಲೆ ಹಚ್ಚಿದ್ದಾರೆ ಅಷ್ಟೇ.

ಸಮುದ್ರ ಈಗ್ಲೂ ಕ್ಷಾರೀಯವೇ, ಅಂದ್ರೆ ಆ್ಯಸಿಡ್‌ಗೆ ಉಲ್ಟಾ. ನಾವು ಬಿಡೋ ಕಾರ್ಬನ್ ಡೈಆಕ್ಸೈಡ್ ನೀರಲ್ಲಿ ಕರಗಿ ಮೇಲ್ಮೈ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕೆಳಗಿದ್ರೆ ಆ್ಯಸಿಡ್) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ, ಇಷ್ಟೇನಾ ಅನ್ಬೇಡಿ, ಅದು ಲಾಗ್ ಲೆಕ್ಕ (ಒಂದಂಕಿ ಇಳಿದ್ರೆ ಆಮ್ಲೀಯತೆ ಹತ್ತು ಪಟ್ಟು), ಆಮ್ಲೀಯತೆ ತರೋ ಹೈಡ್ರೋಜನ್ ಅಯಾನು ಕಾಲುಭಾಗಕ್ಕಿಂತ ಜಾಸ್ತಿ ಏರಿದೆ ಅಂತ ಅರ್ಥ.

ಶಾರ್ಕ್ ವಿಷ್ಯ ಎಲ್ಲಿಂದ ಬಂತು? ಆಸ್ಟ್ರೇಲಿಯಾದ ಪೋರ್ಟ್ ಜಾಕ್ಸನ್ ಶಾರ್ಕ್ ಅಂತ ಒಂದಿದೆ, ತಳದಲ್ಲೇ ಓಡಾಡ್ಕೊಂಡು ಚಿಪ್ಪಿನ ಪ್ರಾಣಿ, ಕಡಲ ಮುಳ್ಳುಚೆಂಡುಗಳನ್ನ (ಸೀ ಅರ್ಚಿನ್) ಅಗಿದು ತಿನ್ನೋ ಪಾಪದ ಜೀವಿ. ಅಲ್ಲಿನ ಅಡಿಲೇಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನ ಈ ಶತಮಾನದ ಕೊನೆಗೆ ಇರಬಹುದಾದಷ್ಟು ಕಾರ್ಬನ್ ಡೈಆಕ್ಸೈಡ್ ಕರಗಿಸಿದ ನೀರಿನ ತೊಟ್ಟಿಯಲ್ಲಿಟ್ಟು ನೋಡಿ 2015ರಲ್ಲಿ ಬರೆದ್ರು: ವಾಸನೆ ಹಿಡಿದು ಆಹಾರ ಹುಡುಕೋಕೆ ಅದಕ್ಕೆ ಜಾಸ್ತಿ ಹೊತ್ತು ಬೇಕಾಯ್ತು. ಅಂದ್ರೆ ಬೇಟೆ ಮಂಕಾಯ್ತು, ಉಗ್ರ ಆಗ್ಲಿಲ್ಲ! ಫಾರ್ವರ್ಡ್ ಹೇಳೋದು ಪೂರ್ತಿ ಉಲ್ಟಾ.

ಎಲ್ಲಾ ಮೀನಿಗೂ ಹೀಗೇ ಅಂತಾನೂ ಅನ್ಕೋಬೇಡಿ. ಇಂಥ ಕಾರ್ಬನ್ ಡೈಆಕ್ಸೈಡ್ ಹೆಚ್ಚಿರೋ ನೀರಲ್ಲಿ ಹವಳದ ದಿಬ್ಬದ ಮೀನುಗಳು ತಮ್ಮನ್ನ ತಿನ್ನೋ ಮೀನಿನ ವಾಸನೆಗೇ ಹೆದರಲ್ಲ ಅಂತ ಮೊದಲು ದೊಡ್ಡ ಸುದ್ದಿಯಾಗಿತ್ತು, 2020ರಲ್ಲಿ ಬೇರೆ ವಿಜ್ಞಾನಿಗಳು ಅದೇ ಥರ ಪ್ರಯೋಗ ಮಾಡಿದಾಗ ಅಂಥ ಪರಿಣಾಮ ಕಾಣಲೇ ಇಲ್ಲ.